ಕೊಟ್ಟ ಕುರಿಯ ಗಂಟೆ

ಟವರಿಗೆ ಕಾಲಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಗುಡ್ಡದ ಊರುಗಳ ಜನ ತಮಾಷೆಗೆ ಹೇಳುತ್ತಿದ್ದ ಕಾಲವೊಂದಿತ್ತು. ಜನ ಕಡಿಮೆ, ಕಲ್ಲು ಹೆಚ್ಚು ಇರುವ ಕಡೆ ನಿಂತಿದ್ದ ಟವರುಗಳನ್ನು ಕಂಪನಿಗಳು ಒಂದೊಂದಾಗಿ ಬಿಚ್ಚಿಕೊಂಡು ಹೋದವು. ಆಮೇಲೆ ಯಾರೋ ಒಬ್ಬರಿಗೆ, ಆ ಗುಡ್ಡಗಳ ನಡುವೆ ವರ್ಷವೂ ತಪ್ಪದೆ ಹೋಗಿಬರುವವು ಕುರಿಹಿಂಡುಗಳು ಮಾತ್ರ ಎಂಬುದು ಹೊಳೆಯಿತು. ಹಾಗೆ ಟವರಿಗೆ ಕಾಲು ಬಂತು.

ಕುರಿಯ ಕೊರಳಿಗೆ ಕಟ್ಟಿದ ಆ ಹೊಸ ಟವರು ನೋಡಲು ಸಾದಾ ಹಿತ್ತಾಳೆಯ ಗಂಟೆ. ಕುರಿ ನಡೆದಾಗ ಗಂಟೆಯ ನಾಲಿಗೆ ಅಲುಗಿ ಅದಕ್ಕೆ ಬೇಕಾದ ವಿದ್ಯುತ್ತು ಹುಟ್ಟುತ್ತಿತ್ತು. ಕುರಿ ಮಲಗಿದರೆ ಕೊರಳಿನ ಬಿಸಿಯೇ ಸಾಕಾಗುತ್ತಿತ್ತು. ಒಂದು ಗಂಟೆ ಒಂದೆರಡು ಮನೆಗಳ ಫೋನುಗಳನ್ನು ನೋಡಿಕೊಂಡರೆ, ಒಂದು ಹಿಂಡು ಊರನ್ನೇ ನೋಡಿಕೊಳ್ಳುತ್ತಿತ್ತು. ಮಾತು ಒಂದು ಕೊರಳಿನಿಂದ ಇನ್ನೊಂದು ಕೊರಳಿಗೆ ದಾಟುತ್ತ, ಕೊನೆಗೆ ಹೆದ್ದಾರಿಯ ಪಕ್ಕದ ನಿಂತ ಟವರನ್ನು ಸೇರುತ್ತಿತ್ತು.

ಆದರೆ ನಿಂತ ಟವರು ನಾಳೆಯೂ ಅಲ್ಲೇ ಇರುತ್ತದೆ, ಕುರಿ ಇರುವುದಿಲ್ಲ. ಆದ್ದರಿಂದ ಯಾವ ಗಂಟೆಯನ್ನು ನಂಬಬೇಕು, ಯಾವುದನ್ನು ಮೊದಲು ಹುಡುಕಬೇಕು ಎಂಬ ರೋಮಿಂಗ್ ಪಟ್ಟಿ ಪ್ರತಿ ಫೋನಿನಲ್ಲೂ ಬೆಳಿಗ್ಗೆ ಹೊಸದಾಗಬೇಕಿತ್ತು. ಪಟ್ಟಿ ಹಳತಾದರೆ ಒಂದೇ ಗೆರೆ ರೇಂಜು, ಹೊಸದಾದರೆ ನಾಲ್ಕು ಗೆರೆ. ಬೆಳಗಿನ ಪಟ್ಟಿ ತಪ್ಪಿಸಿಕೊಂಡವರು ನೆರೆಮನೆಗೆ ಹೋಗಿ, ಸೆಟ್ಟಿಂಗ್ಸ್ ತೆರೆದು, ಅವರ ಫೋನಿನ ಬೆನ್ನಿಗೆ ತಮ್ಮ ಫೋನಿನ ಬೆನ್ನು ಆನಿಸಿ ಪಡೆಯುತ್ತಿದ್ದರು. ಹೆಂಗಸರು ಅದಕ್ಕೆ 'ಹೆಪ್ಪು ತರೂದು' ಎನ್ನುತ್ತಿದ್ದರು. ಮೊಸರಿಗೆ ಹೆಪ್ಪು ಕೇಳಿದವರಿಗೆ ಇಲ್ಲವೆನ್ನದ ಊರುಗಳಲ್ಲಿ ಇದಕ್ಕೂ ಯಾರೂ ಇಲ್ಲವೆನ್ನಲಿಲ್ಲ.

ಗದಗಿನ ಹೊರಗಿನ ನಿಯಂತ್ರಣ ಕೊಠಡಿಯಲ್ಲಿ ಅನ್ನಪೂರ್ಣ ಬಡಿಗೇರ ಅಂದು ಬೆಳಿಗ್ಗೆ ಗಂಟೆಗಳ ನಕ್ಷೆಯಿದ್ದ ತೆರೆಯ ಮುಂದೆ ಕೂತಾಗ ಹೊಸ ಪಟ್ಟಿ ಆಗಲೇ ಹೋಗಿತ್ತು. ಗಂಟೆಗಳ ಕೆಲಸಕ್ಕೆ ಸೇರಿದಾಗಿನಿಂದ ಅವಳು ಈ ಕೊಠಡಿಯಲ್ಲೇ ಇದ್ದವಳು. ಅವಳ ಹಿರಿಯ ಸಹೋದ್ಯೋಗಿ ಮೌಲಾಸಾಬ ನದಾಫ್, ಅವಳ ಮೊಣಕಾಲು ನೋಯುತ್ತದೆಂದು ತಿಳಿದ ದಿನದಿಂದ ಎತ್ತರದ ಕುರ್ಚಿಯನ್ನು ತಾವೇ ಎಳೆದು ಅವಳ ಮೇಜಿಗೆ ಇಟ್ಟಿರುತ್ತಿದ್ದರು. ಆ ವಿಷಯವನ್ನು ಇಬ್ಬರೂ ಎಂದೂ ಮಾತಾಡಿರಲಿಲ್ಲ.

"ಬಡಿಗೇರ್ ಮೇಡಂ, ಒಂದ್ ತೂತು ಬಿದ್ದೈತಿ ನೋಡ್ರಿ," ಎಂದರು ನದಾಫ್.

"ಎಲ್ರೀ?"

"ಕರೇಗುಡ್ಡದ ಕೆಳಗ, ಆ ತಗ್ಗಿನ್ಯಾಗ. ನಿನ್ನಿ ಹಸರ ಇತ್ತು. ಇವತ್ತ ಕರ್ರಗ ಕೂತೈತಿ."

ಅನ್ನಪೂರ್ಣ ನೋಡಿದಳು. ಆ ತಗ್ಗಿನಲ್ಲಿ ಯಾವ ಹಿಂಡೂ ಇರಲಿಲ್ಲ, ಒಂಟಿ ಗಂಟೆಯೊಂದಿತ್ತು. ಮೇಲಿನ ಕಚೇರಿಯ ಹೊಸ ನಿಯಮ ಅಂದಿನಿಂದಲೇ ಜಾರಿಗೆ ಬಂದಿತ್ತು. ತನ್ನ ಹಿಂಡಿನಿಂದ ಬಹುಕಾಲ ದೂರ ಉಳಿದ ಗಂಟೆಯನ್ನು ಕಳುವಾದದ್ದು ಎಂದು ಗುರುತಿಸಿ, ಪಟ್ಟಿಯಿಂದ ತೆಗೆದುಹಾಕಬೇಕು. ಕದ್ದ ಗಂಟೆಯನ್ನು ನಂಬಿ ಫೋನು ತನ್ನ ಮಾತು ಒಪ್ಪಿಸಬಾರದಲ್ಲ. ನಿಯಮವನ್ನು ಓದಿದಾಗ ಅವಳಿಗೂ ಅದು ಸರಿಯೆಂದೇ ಅನ್ನಿಸಿತ್ತು.

"ಅಂದ್ರ ಇಷ್ಟ್ ದಿನ ಆ ತಗ್ಗಿನ ಮಂದಿಗೆ ರೇಂಜ್ ಕೊಡಾಕತ್ತಿದ್ದಂವ ಕುರಿಗಳ್ಳ," ಎಂದು ನದಾಫ್ ನಕ್ಕರು. "ಭಾರೀ ಉಪಕಾರಿ ಕಳ್ಳ ಬಿಡ್ರಿ."

ಅನ್ನಪೂರ್ಣ ನಗಲು ಹೋಗಿ ನಿಲ್ಲಿಸಿದಳು. ಹಾಗೆ ತೆಗೆದುಹಾಕಿದ ಗಂಟೆಗಳು ನಕ್ಷೆಯ ಉದ್ದಕ್ಕೂ ಬೂದು ಚುಕ್ಕೆಗಳಾಗಿ ಬಿದ್ದಿದ್ದವು. ಕಳ್ಳರು ಕದ್ದ ಕುರಿಯನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ, ಇಲ್ಲವೇ ಗಂಟೆ ಕಿತ್ತು ಬಾವಿಗೆ ಎಸೆಯುತ್ತಾರೆ. ಈ ಗಂಟೆಗಳು ಮಾತ್ರ ಒಂದೊಂದು ಮನೆಯ ಅಂಗಳದಲ್ಲಿ ಬಹಳ ದಿನಗಳಿಂದ ನೆಮ್ಮದಿಯಾಗಿ ಮೇಯುತ್ತಿದ್ದವು.

ಅದೇ ಹೊತ್ತಿಗೆ, ಅಲ್ಲಿಂದ ಬಹುದೂರ, ತುಂಗಭದ್ರೆಯ ಕಾಲುವೆಯ ಪಕ್ಕದ ಕೊಯ್ಲಾದ ಹೊಲದಲ್ಲಿ ಬಾಳವ್ವ ಮೊದಲ ರೊಟ್ಟಿಯನ್ನು ಹಂಚಿಗೆ ಹಾಕಿದ್ದಳು. ಅವಳ ಗಂಡ ಯಮನಪ್ಪ ತಮ್ಮ ಕುರಿಗಳ ಸುತ್ತ ಕಟ್ಟಿದ್ದ ಬಲೆಯ ಬೇಲಿ ಬಿಚ್ಚುತ್ತಿದ್ದ. ಹೊಲದ ಮಾಲೀಕ, ಇವರು ಕೇಳದಿದ್ದರೂ, ಕುಡಿಯುವ ನೀರಿನ ಎರಡು ಕೊಡ ತುಂಬಿಸಿ ಬದುವಿನ ಮೇಲೆ ಇಡಿಸಿದ್ದ.

ಮೊದಲ ರೊಟ್ಟಿ ಬೇಯುವ ಹೊತ್ತಿಗೆ ಮಗಳಿಗೆ ಫೋನು ಹಚ್ಚುವುದು ಬಾಳವ್ವನ ರೂಢಿ. ಮಗಳು ಹೊಳೆವ್ವನನ್ನು ಕರೇಗುಡ್ಡದ ತಗ್ಗಿನ ಮನೆಗೆ ಕೊಟ್ಟಿತ್ತು. ಈಗ ತುಂಬು ಬಸುರಿ. ಅಳಿಯ ಅಂಗಳದಲ್ಲಿ ಒಂದು ಕುರಿ ಬಿಟ್ಟು, ಉಳಿದವನ್ನು ಹೊಡೆದುಕೊಂಡು ಇನ್ನೊಂದು ಹಿಂಡಿನ ಜೊತೆ ಬಳ್ಳಾರಿಯ ಕಡೆ ಹೋಗಿದ್ದ. ಮನೆಯಲ್ಲಿ ಅತ್ತೆ ನೀಲವ್ವ ಒಬ್ಬಳೇ, ಅವಳಿಗೆ ಕಣ್ಣು ಮಂಜು. ನೋವು ಶುರುವಾದರೆ ಹೊಳೆವ್ವ ಆಸ್ಪತ್ರೆಗೆ ಫೋನು ಮಾಡಬೇಕು, ವ್ಯಾನು ಬರಬೇಕು ಎಂಬುದೇ ಇವರೆಲ್ಲ ಕೂಡಿ ಮಾಡಿಕೊಂಡಿದ್ದ ಏರ್ಪಾಡು. ಫೋನಿಲ್ಲದಿದ್ದರೆ ಆ ತಗ್ಗಿನಿಂದ ಗುಡ್ಡ ಹತ್ತಿಯೇ ಸುದ್ದಿ ಮುಟ್ಟಿಸಬೇಕು. ಹತ್ತುವವರು ಯಾರು?

ಅಂದು ಫೋನು ರಿಂಗಾಗಲೇ ಇಲ್ಲ.

"ಮತ್ತ ಹಚ್ಚು," ಎಂದ ಯಮನಪ್ಪ.

"ನಾಕ್ ಸಲ ಹಚ್ಚೇನಿ. 'ವ್ಯಾಪ್ತಿ ಒಳಗಿಲ್ಲ' ಅಂತ ಅಕಿ ಯಾವಾಕಿನೋ ಹೇಳಾಕತ್ತಾಳ."

ರೊಟ್ಟಿ ಸೀದು ಹೊಗೆ ಎದ್ದಿತು. ಬಾಳವ್ವನ ಕೈಯಲ್ಲಿ ರೊಟ್ಟಿ ಸೀದದ್ದು ಯಮನಪ್ಪ ಕಂಡದ್ದೇ ಅಪರೂಪ. ಅವನು ಅದನ್ನೇ ಮುರಿದು ತಿಂದ.

ಗಂಟೆ ಕೆಟ್ಟರೆ ತಿಳಿಸಲೆಂದು ಕುರಿಗಾರರಿಗೆಲ್ಲ ನಿಯಂತ್ರಣ ಕೊಠಡಿಯ ನಂಬರು ಕೊಟ್ಟಿದ್ದರು. ಬಾಳವ್ವ ಆ ನಂಬರಿಗೆ ಹಚ್ಚಿದಳು.

"ಯವ್ವಾ, ಗಂಟಿ ಆಫೀಸೇನು? ನಮ್ಮ ಹುಡುಗಿ ಫೋನ್ ಹತ್ತವಲ್ದು. ಕರೇಗುಡ್ಡದ ತಗ್ಗಿನ್ಯಾಗ ಅದಾಳ. ದಿನಾ ತುಂಬ್ಯಾವ."

ಅನ್ನಪೂರ್ಣಳ ಕಣ್ಣು ನಕ್ಷೆಯ ಆ ಕಪ್ಪು ತೂತಿಗೆ ಹೋಯಿತು.

"ನಿಮ್ಮ ಹೆಸರೇನ್ರೀ ಅಕ್ಕಾರ?"

"ಬಾಳವ್ವ. ಯಮನಪ್ಪನ ಹಿಂಡು."

"ಯಮನಪ್ಪನ ಹಿಂಡಿನ ಒಂದು ಗಂಟಿ ಆ ತಗ್ಗಿನ್ಯಾಗೇ ಐತ್ರಿ. ಆದ್ರ ಅದು ನಿಮ್ಮ ಹಿಂಡಿಂದ ಕಳುವಾದದ್ದು ಅಂತ ಬಂದೈತಿ, ಅದಕ್ಕ..."

"ಕಳುವಾ?" ಬಾಳವ್ವನ ಧ್ವನಿ ಏರಿತು. "ಯಾರ ಬಾಯಾಗಿಂದ ಬಂತವ್ವಾ ಈ ಮಾತು? ನನ್ನ ಕೈಯಾರೆ ಕೊಟ್ಟ ಕುರಿ ಅದು! ಬೀಗರ ಮನ್ಯಾಗ ರೋಗ ಬಂದು ಕುರಿದಡ್ಡಿ ಖಾಲಿ ಆತು. ನಾವೊಂದು, ಅವರೊಂದು, ಎಲ್ಲಾರೂ ಒಂದೊಂದು ಕುರಿ ಕೊಟ್ಟು ದಡ್ಡಿ ತುಂಬಿಸಿದ್ವಿ. ಕೊಡೂದು ಕಳುವು ಯಾವಾಗ ಆತು?"

"ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಗಂಟಿ ಬಿಚ್ಚಿಟ್ಕೊಂಡು ಕೊಡಬೇಕಿತ್ತಲ್ರೀ."

ಬಾಳವ್ವ ಸಣ್ಣ ಮಗುವಿಗೆ ಹೇಳುವಂತೆ ಹೇಳಿದಳು:

"ಕೊಟ್ಟ ಕುರಿ ಕೊರಳು ಬರಿದು ಮಾಡಬಾರ್ದು ತಂಗಿ. ಗಂಟಿ ಸಮೇತ ಕೊಟ್ರ ಅದು ತವರಿಂದ ಬಂದಂಗ. ಗಂಟಿ ಬಿಚ್ಚಿ ಕೊಟ್ರ ಮಾರಿದಂಗ. ನಿನ್ನ ಮದುವ್ಯಾಗ ನಿಮ್ಮವ್ವ ನಿನ್ನ ಬರೀ ಕೊರಳ್ಲೆ ಕಳಿಸಿದ್ಲೇನು?"

ಅನ್ನಪೂರ್ಣ ತನಗರಿವಿಲ್ಲದೆ ಕೊರಳು ಮುಟ್ಟಿಕೊಂಡಳು. ನದಾಫ್ ಪಕ್ಕದಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇಬ್ಬರೂ ಒಟ್ಟಿಗೆ ನಕ್ಷೆಯ ಕಡೆ ತಿರುಗಿದರು. ಬೂದು ಚುಕ್ಕೆಗಳು ಈಗ ಬೇರೆ ರೀತಿ ಕಂಡವು. ರೋಗ ಬಂದ ಮನೆ, ಮಗಳು ಸೇರಿದ ಮನೆ, ನೀರು ಕೊಟ್ಟ ಮನೆ. ಯಾವ ಎಂಜಿನಿಯರೂ ಗೆರೆ ಎಳೆಯದ ಕಡೆ, ಹಿಂಡು ಎಂದೂ ಇಳಿಯದ ತಗ್ಗುಗಳಲ್ಲಿ, ಒಂದೊಂದು ಕುರಿ ನಿಂತಿತ್ತು.

"ಪಟ್ಟಿ ತಿದ್ದೂಣು," ಎಂದಳು ಅನ್ನಪೂರ್ಣ.

"ಮ್ಯಾಲಿನವರನ್ನ ಕೇಳಬೇಕಲ್ಲ?"

"ತಿದ್ದಿ ಕೇಳೂಣು. ಹಿಂಡಿನ ಯಜಮಾನಿ ಸ್ವತಃ ಕೊಟ್ಟೀನಿ ಅಂದ್ಲು. ಅದಕ್ಕಿಂತ ಸಾಕ್ಷಿ ಏನು ಬೇಕ್ರಿ?"

ಪಟ್ಟಿ ತಿದ್ದುವುದು ಕಷ್ಟವಾಗಲಿಲ್ಲ. ಹತ್ತಿರದಲ್ಲಿ ಬೇರೆ ಹಿಂಡೋ ಟವರೋ ಇದ್ದ ಕಡೆ ಬೂದು ಚುಕ್ಕೆಗಳು ಹಸಿರಾದವು. ಕರೇಗುಡ್ಡದ ತಗ್ಗು ಮಾತ್ರ ಕಪ್ಪಾಗಿಯೇ ಉಳಿಯಿತು. ಕಾರಣ ಅನ್ನಪೂರ್ಣಳಿಗೆ ಆಗ ಹೊಳೆಯಿತು. ಬೆಳಗಿನ ತಪ್ಪು ಪಟ್ಟಿಯನ್ನು ಹೊಳೆವ್ವನ ಫೋನಿಗೆ ತಂದುಕೊಟ್ಟದ್ದು ಅಂಗಳದ ಆ ಕುರಿಯೇ. ತನ್ನನ್ನು ನಂಬಬೇಡ ಎಂಬ ಮಾತನ್ನು ತಾನೇ ನಿಯತ್ತಾಗಿ ತಲುಪಿಸಿ, ಅದು ಈಗ ಬಾಗಿಲ ಹೊರಗೆ ನಿಂತಿತ್ತು. ತಿದ್ದಿದ ಪಟ್ಟಿ ಒಳಗೆ ಹೋಗಬೇಕಾದರೆ ಅದೇ ಬಾಗಿಲು ತೆರೆಯಬೇಕು. ತೆರೆಯುವ ಅಪ್ಪಣೆ ಪಟ್ಟಿಯೊಳಗಿದೆ.

ನದಾಫ್ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದರು. ಅಲ್ಲಿಯ ನರ್ಸ್ ಸಮಾಧಾನದಿಂದ ಕೇಳಿಸಿಕೊಂಡಳು.

"ವ್ಯಾನ್ ಒಂದೇ ಐತಿ ಸರ್. ನೋವು ಅಂತ ಕರೆ ಬರದ ಕಳಿಸಾಕ ಬರೂದಿಲ್ಲ. ಇಲ್ಲೇ ಇನ್ನಿಬ್ಬರು ಹೆರಿಗಿಗೆ ಕಾಯಾಕತ್ತಾರ. ಆದ್ರ ಒಂದ್ ಮಾಡ್ತೀನಿ. ವ್ಯಾನನ್ನ ಕರೇಗುಡ್ಡದ ಕಡಿಗೆ ಮುಖ ಮಾಡಿ ನಿಲ್ಲಸು ಅಂತ ಡ್ರೈವರಿಗೆ ಹೇಳ್ತೀನಿ. ಕರೆ ಬಂದ್ರ ತಿರುಗಿಸೂದರ ಉಳೀತೈತಿ."

ಅನ್ನಪೂರ್ಣ ಮತ್ತೆ ಬಾಳವ್ವನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ಹೊಸ ಪಟ್ಟಿ ಇರೋ ಫೋನ್ ತಗೊಂಡು ಯಾರರ ಆ ಮನಿಗೆ ನಡಕೊಂಡು ಹೋಗಬೇಕ್ರಿ. ಹತ್ರ ಯಾರದಾರ?"

"ಗುಡ್ಡದ ತುದಿಗೆ ದರ್ಗಾ ಐತಿ. ಅಲ್ಲಿ ದೀಪ ಹಚ್ಚಾಕಿ ಮಸ್ತಾನಬಿ," ಎಂದಳು ಬಾಳವ್ವ ತಡವಿಲ್ಲದೆ. "ಒಂದ್ ಬ್ಯಾಸಗ್ಯಾಗ ನಮ್ಮ ಹಿಂಡಿಗೆ ತನ್ನ ಬಾವಿ ಬಿಟ್ಟಕೊಟ್ಲು. ತಾನು ಆ ದಿನ ಸ್ನಾನಾ ಮಾಡಲಿಲ್ಲ. ಅಕಿಗೂ ಒಂದ್ ಕುರಿ ಕೊಟ್ಟೇನಿ."

"ಗಂಟಿ ಸಮೇತ?"

"ಮತ್ತ?"

ಅನ್ನಪೂರ್ಣಳ ಮುಖ ಅರಳಿತು. ಗುಡ್ಡದ ತುದಿಯಲ್ಲಿ ಒಂದು ಚುಕ್ಕೆ ಆಗಲೇ ಹಸಿರಾಗಿತ್ತು. ದರ್ಗಾದ ಬಳಿ ಹೆದ್ದಾರಿಯ ಟವರು ನೇರವಾಗಿ ಸಿಗುತ್ತಿತ್ತು. ತಗ್ಗಿನ ಕುರಿಯ ಗಂಟೆಯಿಂದ ತುದಿಯ ಕುರಿಯ ಗಂಟೆಗೆ, ಅಲ್ಲಿಂದ ಹೆದ್ದಾರಿಗೆ. ದಾರಿ ಸಿದ್ಧವಾಗಿಯೇ ಇತ್ತು, ಹೊಳೆವ್ವನ ಫೋನು ಒಪ್ಪಬೇಕು, ಅಷ್ಟೇ.

ಮಸ್ತಾನಬಿ ಎರಡನೇ ರಿಂಗಿಗೇ ಫೋನು ಎತ್ತಿದಳು. ಎಪ್ಪತ್ತು ದಾಟಿದ ಆ ಹೆಂಗಸಿಗೆ ಬಾಳವ್ವನ ಹೆಸರು ಹೇಳಿದ್ದೇ ಸಾಕಾಯಿತು.

"ಅರೆ, ಬಾಳವ್ವನ ಮಗಳಾ? ಚಪ್ಪಲ್ ಮೆಟ್ಟಾಕತ್ತೀನಿ, ನೀ ಹೇಳ್ಕೋಂತ ಹೋಗು ಬೇಟಾ."

"ಮೊದಲ ನಿಮ್ಮ ಫೋನಿಗೆ ಹೊಸ ಪಟ್ಟಿ ತಗೋಬೇಕಮ್ಮಾ. ಸೆಟ್ಟಿಂಗ್ಸ್ ಒತ್ರಿ. ಹಲ್ಲಿನ ಗಾಲಿ ಇದ್ದಂಗ ಒಂದು ಚಿತ್ರ ಐತಲ್ಲ?"

"ಐತಿ. ಒತ್ತಿದೆ."

"ಕೆಳಗ ಗಂಟಿ ಚಿತ್ರ, 'ರೋಮಿಂಗ್' ಅಂತ ಬರದೈತಿ. ಅದರೊಳಗ 'ಪಟ್ಟಿ ಹೊಸದು ಮಾಡು'."

"ತಿರಗಾಕತ್ತೈತಿ... ತಿರಗಾಕತ್ತೈತಿ... ನಿಂತಿತು. ಯಾ ಅಲ್ಲಾ, ನಾಕು ಗೆರಿ ಬಂತು!"

"ಶಾಬಾಸ್. ಅಲ್ಲಿ ಹೋಗಿ ಹೊಳೆವ್ವನ ಫೋನಿಗೂ ಹಿಂಗೇ ಮಾಡಿಸಿ, ಬೆನ್ನಿಗೆ ಬೆನ್ನು ಹಚ್ಚಿ ಹೆಪ್ಪು ಕೊಡ್ರಿ. ಇನ್ನೊಂದು ಮಾತು. ನಿಮ್ಮ ಕುರಿ ಗುಡ್ಡದ ಮ್ಯಾಲೇ ಇರಬೇಕು. ಅದು ಕೆಳಗಿಳದ್ರ ದಾರಿ ಹರೀತೈತಿ."

"ಅದು ನನ್ನ ಬೆನ್ನು ಬಿಡಂಗಿಲ್ಲಲ್ಲೇ ಬೇಟಾ! ನಮಾಜಿಗೂ ಪಕ್ಕಕ್ಕ ಬಂದು ನಿಂದರ್ತೈತಿ."

"ಇವತ್ತೊಂದಿನ ಕಟ್ಟಿ ಹಾಕ್ರಿ."

ಮಸ್ತಾನಬಿ ಕುರಿಯನ್ನು ಕಟ್ಟಿದಳು. ಬಿಸಿಲು ಏರಿತ್ತು. ಮೂಕಪ್ರಾಣಿಯನ್ನು ಬಿಸಿಲಲ್ಲಿ ಕಟ್ಟಿ ಹೋಗಲು ಅವಳ ಮನಸ್ಸು ಒಪ್ಪಲಿಲ್ಲ. ದರ್ಗಾದ ಹಿಂದೆ ಮನೆಯೆತ್ತರದ ಕರಿಯ ಬಂಡೆಯೊಂದಿತ್ತು. ಅದರ ನೆರಳಿನಲ್ಲಿ, ಕುರಿ ಎದ್ದು ಆಡಲೆಂದು ಉದ್ದನೆಯ ಹಗ್ಗ ಬಿಟ್ಟು ಕಟ್ಟಿ, ಮುಂದೆ ಒಂದು ಬೋಗುಣಿ ನೀರಿಟ್ಟು, ಕೋಲು ಹಿಡಿದು ಇಳಿದಳು.

ತಗ್ಗಿನ ಮನೆಯಲ್ಲಿ ಹೊಳೆವ್ವನಿಗೆ ನೋವು ಶುರುವಾಗಿ ಬಹಳ ಹೊತ್ತಾಗಿತ್ತು. ಅವಳು ಫೋನನ್ನು ಎತ್ತಿ, ಅಲುಗಿಸಿ, ಆರಿಸಿ ಹಚ್ಚಿ ಸೋತು ಕಂಬಕ್ಕೆ ಒರಗಿದ್ದಳು. ನೀಲವ್ವ ಮಂಜುಗಣ್ಣಿನಲ್ಲೇ ನೀರು ಕಾಯಿಸಿಟ್ಟು, ಸೊಸೆಯ ಸೊಂಟ ನೀವುತ್ತ, "ನಾ ಗುಡ್ಡಾ ಹತ್ತತೀನಿ" ಎಂದು ಎದ್ದೇಳುವುದು, "ಬಿದ್ದೀರಿ ಅತ್ತಿ, ಕುಂದರ್ರಿ" ಎಂದು ಹೊಳೆವ್ವ ಸೆರಗು ಹಿಡಿಯುವುದು ನಡೆದಿತ್ತು.

"ಯಾರು?" ಎಂದಳು ನೀಲವ್ವ, ಬಾಗಿಲ ನೆರಳು ಕಂಡು.

"ನಾ ಮಸ್ತಾನಬಿ. ಹೆಪ್ಪು ತಂದೀನಿ."

ಹೊಳೆವ್ವ, ಮಸ್ತಾನಬಿ ಇಬ್ಬರೂ ಸೇರಿ ಸೆಟ್ಟಿಂಗ್ಸ್ ತೆರೆದರು. ಫೋನಿನ ಬೆನ್ನಿಗೆ ಫೋನಿನ ಬೆನ್ನು ಕೂಡಿತು. ಹೊಳೆವ್ವನ ಫೋನಿನಲ್ಲಿ ಅಕ್ಷರ ಮೂಡಿತು: 'ಗಂಟೆ ಸಿಕ್ಕಿದೆ.' ಅಂಗಳದ ಕುರಿಯನ್ನು ಫೋನು ಮತ್ತೆ ಗುರುತಿಸಿತ್ತು. ಅದರ ಕೆಳಗೆ ಇನ್ನೊಂದು ಸಾಲು ಬಂತು: 'ಮುಂದಿನ ದಾರಿ ಇಲ್ಲ.'

ಗದಗಿನ ಕೊಠಡಿಯಲ್ಲಿ ಅನ್ನಪೂರ್ಣ ತುದಿಯ ಚುಕ್ಕೆಯನ್ನೇ ನೋಡುತ್ತಿದ್ದಳು. ಅದು ಹೆದ್ದಾರಿಗೆ ಕೂಡಿಕೊಂಡಿತ್ತು, ತಗ್ಗಿನ ಕಡೆಗೆ ಮಾತ್ರ ಗೆರೆ ಚಾಚುತ್ತಿರಲಿಲ್ಲ. "ಕುರಿಗೂ ತಗ್ಗಿಗೂ ನಡುವ ಏನೋ ಅಡ್ಡ ಐತಿ," ಎಂದರು ನದಾಫ್. ಇಬ್ಬರಿಗೂ ಅದು ಗೊತ್ತು. ಆದರೆ ಗೊತ್ತಾದದ್ದನ್ನು ಹೇಳಲು, ಕೇಳುವ ಮಸ್ತಾನಬಿ ಈಗ ಫೋನು ಮುಟ್ಟದ ತಗ್ಗಿನಲ್ಲಿದ್ದಳು.

ಕಾಲುವೆಯ ಪಕ್ಕ ಬಾಳವ್ವ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಂದು ಹಿಂಡು ಮೇಯಲು ಹೊರಡಲಿಲ್ಲ. ಯಮನಪ್ಪ ಬಲೆಯನ್ನು ಮತ್ತೆ ಕಟ್ಟಿ, ಹೆಂಡತಿಯ ಪಕ್ಕ ಬಂದು ಕೂತ.

ತಗ್ಗಿನಲ್ಲಿ ಮಸ್ತಾನಬಿ ಫೋನಿನ ಆ ಸಾಲನ್ನು ಎರಡು ಸಲ ಓದಿದಳು. ಅಂಗಳಕ್ಕೆ ಬಂದು ತಲೆಯೆತ್ತಿದಳು. ತುದಿಯಲ್ಲಿ ಕರಿಯ ಬಂಡೆ ಕಾಣುತ್ತಿತ್ತು, ಕುರಿ ಕಾಣುತ್ತಿರಲಿಲ್ಲ.

"ಹಾಯ್ ನನ್ನ ಬುದ್ಧೀನೇ," ಎಂದು ಹಣೆ ಬಡಿದುಕೊಂಡಳು. "ನೆರಳಾಗ ಕಟ್ಟಿ ಬಂದೆ. ನನಗ ಕುರಿ ಕಾಣ್ಸಂಗಿಲ್ಲ, ಇಲ್ಲಿ ಕುರಿಗೆ ಅಲ್ಲಿ ಕುರಿ ಹೆಂಗ ಕಾಣಸ್ತೈತಿ?"

ಮತ್ತೆ ಹತ್ತುವುದೆಂದರೆ ಅವಳ ಕಾಲಿಗೆ ಒಂದು ತಾಸಿನ ದಾರಿ. ಒಳಗೆ ಹೊಳೆವ್ವ ಹಲ್ಲು ಕಚ್ಚಿ ನರಳಿದಳು. ಮಸ್ತಾನಬಿ ಅಂಗಳದ ಅಂಚಿಗೆ ಹೋಗಿ, ಎರಡೂ ಕೈಗಳನ್ನು ಬಾಯಿಗೆ ಆನಿಸಿ, ಪ್ರತಿ ಸಂಜೆ ಬಾವಿಯ ಬಳಿ ನಿಂತು ಕರೆಯುವ ಹಾಗೆಯೇ ಕರೆದಳು.

"ಹ್ರ್ರಾ... ಬಾ ಮುನ್ನೀ, ಬಾ ಬಾ ಬಾ!"

ಕೂಗು ಬಂಡೆಯಿಂದ ಬಂಡೆಗೆ ತಾಗುತ್ತ ಮೇಲೇರಿತು. ಏನೂ ಆಗಲಿಲ್ಲ. ಉಸಿರು ಎಳೆದುಕೊಂಡು ಇನ್ನೊಮ್ಮೆ ಕರೆದಳು. ನೀಲವ್ವನೂ ಬಂದು ಪಕ್ಕದಲ್ಲಿ ನಿಂತಳು. ಯಾವ ಕುರಿ, ಎಲ್ಲಿದೆ ಎಂದು ಕೇಳದೆ, ಕಣ್ಣಿಗೇನೂ ಕಾಣದಿದ್ದರೂ ಗುಡ್ಡದ ಕಡೆಗೆ ಮುಖ ಮಾಡಿ, ಇದ್ದಷ್ಟು ಧ್ವನಿಯಲ್ಲಿ ಕೂಡಿಸಿದಳು: "ಬಾರವ್ವಾ ಮುನ್ನೀ!"

ಬಂಡೆಯ ಬದಿಯಿಂದ ಒಂದು ಬಿಳಿಯ ಮೂತಿ ಹೊರಬಂತು. ಆಮೇಲೆ ಕೊರಳು. ಉದ್ದನೆಯ ಹಗ್ಗ ಬಿಗಿಯಾಗುವವರೆಗೂ ಎಳೆದುಕೊಂಡು, ಮುನ್ನಿ ಬಿಸಿಲಿಗೆ ಬಂದು ಅಂಚಿನಲ್ಲಿ ನಿಂತು, ಕೆಳಗೆ ನೋಡಿ ಅರಚಿತು.

ಗದಗಿನಲ್ಲಿ ತುದಿಯ ಚುಕ್ಕೆ ಅಕ್ಕಿಕಾಳಿನಷ್ಟು ಜರುಗಿತು. ಅದರಿಂದ ತಗ್ಗಿಗೆ ಒಂದು ಸಣ್ಣ ಹಸಿರು ಗೆರೆ ಇಳಿಯಿತು. ನದಾಫ್ ಕುರ್ಚಿಯಿಂದ ಎದ್ದುಬಿಟ್ಟರು.

ಹೊಳೆವ್ವನ ಮೊದಲ ಕರೆ ಆಸ್ಪತ್ರೆಗೆ ಹೋಯಿತು. ಮುಖ ಮಾಡಿ ನಿಂತಿದ್ದ ವ್ಯಾನು ಕೂಡಲೇ ಹೊರಟಿತು. ಎರಡನೆಯ ಕರೆ ಕಾಲುವೆಯ ಪಕ್ಕದ ಹೊಲಕ್ಕೆ.

"ಯವ್ವಾ," ಎಂದಳು ಹೊಳೆವ್ವ, ನೋವಿನ ನಡುವೆಯೇ. "ಉಂಡ್ಯಾ?"

ಬೆಳಗಿನಿಂದ ಅಳದಿದ್ದ ಬಾಳವ್ವ ಆಗ ಅತ್ತಳು. "ನಿಂದು ನೋಡ್ಕೋ ಹುಚ್ಚೀ," ಎಂದು ಬೈದಳು. ವ್ಯಾನು ಬರುವವರೆಗೂ ಮಸ್ತಾನಬಿ ಫೋನನ್ನು ಹೊಳೆವ್ವನ ಕಿವಿಗೆ ಹಿಡಿದೇ ಇದ್ದಳು, ತಾಯಿ ಮಾತಾಡುತ್ತಲೇ ಇದ್ದಳು. ತುದಿಯಲ್ಲಿ ಮುನ್ನಿ ಒಡತಿ ಹೊಕ್ಕ ಮನೆಯನ್ನೇ ನೋಡುತ್ತ ಅಲುಗದೆ ನಿಂತಿತ್ತು. ಅದರ ಕೊರಳಿನ ಬಿಸಿ ಸಾಕಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಮೇಲಿನ ಕಚೇರಿಯ ಜೊತೆ ಅನ್ನಪೂರ್ಣ ಕೆಲವು ವಾರ ವಾದ ಮಾಡಬೇಕಾಯಿತು. ಅವಳು ನಕ್ಷೆಯನ್ನೇ ಅವರ ಮುಂದಿಟ್ಟಳು. ಎಲ್ಲೆಲ್ಲಿ ಹಿಂಡು ಹೋಗುವುದಿಲ್ಲವೋ ಅಲ್ಲೆಲ್ಲ ಕೊಟ್ಟ ಕುರಿಯೊಂದು ಮಾತು ದಾಟಿಸುತ್ತಿತ್ತು. ಕೊನೆಗೆ ಅವರೂ ಒಪ್ಪಿದರು. ದೂರ ಹೋದ ಗಂಟೆಯನ್ನು ಅಳಿಸುವ ಮೊದಲು ಹಿಂಡಿನವರನ್ನು ಒಂದು ಮಾತು ಕೇಳಬೇಕು ಎಂದಾಯಿತು. 'ಕಳುವು' ಎಂಬುದರ ಪಕ್ಕದಲ್ಲಿ 'ಕೊಟ್ಟದ್ದು' ಎಂಬ ಇನ್ನೊಂದು ಗುರುತು ಬಂತು. ಮೊದಲ ವರ್ಷವೇ 'ಕಳುವು' ಬಹುಮಟ್ಟಿಗೆ ಖಾಲಿಯಾಗಿ ಉಳಿಯಿತು.

ಆ ವರ್ಷವೇ ಮುಂಗಾರಿಗೆ ಮುಂಚೆ ಹಿಂಡುಗಳು ಊರ ಕಡೆ ತಿರುಗಿದವು. ಒಂದು ಬೆಳಿಗ್ಗೆ ನಿಯಂತ್ರಣ ಕೊಠಡಿಯ ಅಂಗಳದಲ್ಲಿ ಕಂಬಳಿ ಹೊದ್ದ ಹೆಂಗಸೊಬ್ಬಳು ಒಂದು ಹೆಣ್ಣು ಮರಿಯನ್ನು ಎತ್ತಿಕೊಂಡು ನಿಂತಿದ್ದಳು. ಧ್ವನಿ ಕೇಳಿಯೇ ಅನ್ನಪೂರ್ಣ ಗುರುತಿಸಿದಳು.

"ತಗೋ ತಂಗಿ. ನಿನಗ ತಂದೀನಿ."

"ಅಯ್ಯೋ ಬಾಳಕ್ಕಾ, ನಾ ಊರಾಗಿರಾಕಿ. ಇದನ್ನೇನು ಮಾಡ್ಲಿ?"

"ಹುಲ್ಲು ಹಾಕು, ನೀರು ಹಾಕು, ನಡುನಡುವ ಬೈಯ್ಯಿ. ಮತ್ತೇನು ಮಾಡ್ತಾರ?"

ನದಾಫ್ ಕಿಟಕಿಯಿಂದ ಕೂಗಿದರು: "ತಗೋರಿ ಮೇಡಂ, ಹುಲ್ಲಿನ ಜವಾಬ್ದಾರಿ ನಂದು!"

ಅನ್ನಪೂರ್ಣ ಮರಿಯನ್ನು ತೆಗೆದುಕೊಂಡಳು. ಕೊರಳಲ್ಲಿ ಹಿತ್ತಾಳೆಯ ಗಂಟೆ. ಕಚೇರಿಯ ವಸ್ತು, ಸ್ವಂತಕ್ಕೆ ಇಟ್ಟುಕೊಳ್ಳಬಾರದು ಎಂಬ ಬಹುಕಾಲದ ಅಭ್ಯಾಸದಿಂದ ಅವಳ ಬೆರಳು ಗಂಟೆ ಕಟ್ಟಿದ ದಾರದ ಗಂಟಿಗೆ ಹೋಯಿತು. ಬಾಳವ್ವ ಆ ಬೆರಳನ್ನೇ ನೋಡಿದಳು. ಅನ್ನಪೂರ್ಣ ಸಡಿಲವಾಗಿದ್ದ ಆ ಗಂಟನ್ನು ಇನ್ನಷ್ಟು ಬಿಗಿದು ಕಟ್ಟಿ, ಮರಿಯನ್ನು ನೆಲಕ್ಕೆ ಬಿಟ್ಟಳು.

ಮರಿ ಅಂಗಳದಲ್ಲಿ ನಾಲ್ಕು ಹೆಜ್ಜೆ ನೆಗೆಯಿತು. ಒಳಗೆ ತೆರೆಯ ಮೇಲೆ, ನಿಯಂತ್ರಣ ಕೊಠಡಿ ಇದ್ದ ಜಾಗದಲ್ಲಿ, ಹೊಸದೊಂದು ಹಸಿರು ಚುಕ್ಕೆ ಅಲುಗಾಡತೊಡಗಿತು.